ಆಟಿಯ ಮಳೆಯಲ್ಲಿ ಬೀಟಲ್: ಸ್ಪ್ರೇ ಕ್ಯಾನ್, ಏರ್‌ಬ್ರಷ್, ಎನಾಮಲ್ ಡಬ್ಬಿ

ಮಳೆಗಾಲದಲ್ಲಿ ಒಂದು ಮಾದರಿ ಕಾರಿಗೆ ಬಣ್ಣ ಹಾಕಲು ಮೂರು ದಾರಿಗಳನ್ನು ಹೋಲಿಸಿ ನೋಡಿದೆ: ಸ್ಪ್ರೇ ಕ್ಯಾನ್, ಏರ್‌ಬ್ರಷ್ (ಕಂಪ್ರೆಸರಿನ ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್), ಮತ್ತು ಎನಾಮಲ್ ಬಣ್ಣಕ್ಕೆ ಕುಂಚ. ಗೆದ್ದದ್ದು ಕುಂಚ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವುದರಲ್ಲಿ ಅರ್ಥವಿಲ್ಲ. ಹದಿನಾಲ್ಕು ಮಿಲಿಲೀಟರಿನ ಎನಾಮಲ್ ಡಬ್ಬಿ, ಅರ್ಧ ಇಂಚಿನ ಚಪ್ಪಟೆ ಕುಂಚ, ಹಾರ್ಡ್‌ವೇರ್ ಅಂಗಡಿಯ ಟರ್ಪಂಟೈನ್. ಮಾದರಿ ಕಾರು ಕಟ್ಟುವ ಹೆಚ್ಚಿನವರು ಇದನ್ನು ಓದಿ ನಗಬಹುದು. ಕಾರಿನ ಮೈಗೆ ಕುಂಚ ಮುಟ್ಟಿಸಬಾರದೆಂಬುದು ಅವರಲ್ಲಿ ಮಡಿಯಷ್ಟೇ ಬಿಗಿಯಾದ ನಿಯಮ. ನಗಲಿ. ಅವರ ಊರಿನಲ್ಲಿ ಆಟಿ, ಅಂದರೆ ನಮ್ಮ ತುಳುನಾಡಿನ ಜೋರು ಮಳೆಯ ತಿಂಗಳು, ಇರಲಿಕ್ಕಿಲ್ಲ.

ನನ್ನ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಶಾಲೆಯಲ್ಲಿ ಗಣಿತ, ಮನೆಯಲ್ಲಿ ಅಡಿಕೆ. ಎಪ್ರಿಲ್, ಮೇ ತಿಂಗಳ ರಜೆ ಎಂಬುದು ಹೆಸರಿಗೆ ಮಾತ್ರ. ಮದುವೆ, ಉಪನಯನ, ಭೂತದ ಕೋಲ, ತೋಟಕ್ಕೆ ನೀರು ಎನ್ನುವಷ್ಟರಲ್ಲಿ ಅದು ಮುಗಿದಿರುತ್ತದೆ. ನಿಜವಾದ ಬಿಡುವು ಸಿಗುವುದು ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನ. ತೋಟಕ್ಕೂ ಇಳಿಯುವಂತಿಲ್ಲ, ಪೇಟೆಗೂ ಹೋಗುವಂತಿಲ್ಲ. ಅಂದರೆ ನನ್ನ ಹವ್ಯಾಸಕ್ಕೆ ಹೊತ್ತು ಸಿಗುವುದೇ ಬಣ್ಣ ಹಾಕಲು ವರ್ಷದಲ್ಲಿ ಅತಿ ಕೆಟ್ಟ ದಿನಗಳಂದು. ಕೆಳಗಿನ ಹೋಲಿಕೆಯನ್ನು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡು ಓದಬೇಕು.

ಕಿಟ್, ಅಂದರೆ ನಾವೇ ಜೋಡಿಸಬೇಕಾದ ಬಿಡಿಭಾಗಗಳ ಪೆಟ್ಟಿಗೆ, ಜಪಾನಿನ ತಮಿಯಾ ಕಂಪನಿಯದ್ದು: ಇಪ್ಪತ್ತನಾಲ್ಕರಲ್ಲಿ ಒಂದು ಅಳತೆಯ ಫೋಕ್ಸ್‌ವ್ಯಾಗನ್ 1300 ಬೀಟಲ್, 1966ರ ಮಾದರಿ. ಕಟ್ಟಿ ಮುಗಿದರೆ ಸುಮಾರು 17 ಸೆಂಟಿಮೀಟರ್ ಉದ್ದ. ನನಗೆ ನಿಜಕ್ಕೂ ಬೇಕಿದ್ದುದು ಅಂಬಾಸಿಡರ್. ಅಜ್ಜ ಆಸ್ಪತ್ರೆಗೆ ಹೋದದ್ದು, ಅತ್ತೆ ಮದುಮಗಳಾಗಿ ಹೊರಟದ್ದು ಎಲ್ಲವೂ ಬಾಡಿಗೆಯ ಅಂಬಾಸಿಡರಿನಲ್ಲಿ. ಅಂಥ ಕಿಟ್ ನನ್ನ ಕೈಗೆ ಸಿಗಲಿಲ್ಲ, ಬೀಟಲ್ ಸಿಕ್ಕಿತು. ಬಣ್ಣ ಬಹಾಮಾ ಬ್ಲೂ ಎಂದು ನಿಶ್ಚಯಿಸಿದೆ. ಆ ವರ್ಷದ ಬೀಟಲ್‌ಗೆ ಕಾರ್ಖಾನೆಯೇ ಕೊಡುತ್ತಿದ್ದ ನೀಲಿ. ಚಿತ್ರ ನೋಡಿದ ಅಪ್ಪ, “ಇದು ನಮ್ಮ ಮದ್ದಿನ ಬಣ್ಣವಲ್ಲವೇ?” ಎಂದರು. ಹೌದು. ಅಡಿಕೆಗೆ ಬಿಡುವ ಮದ್ದಿಗಾಗಿ ಮೈಲುತುತ್ತಿನ (ತಾಮ್ರದ ಸಲ್ಫೇಟ್) ನೀರಿಗೆ ಸುಣ್ಣದ ತಿಳಿ ಸೇರಿದಾಗ ಡ್ರಮ್ಮಿನಲ್ಲಿ ಏಳುವ ನೀಲಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಮೊದಲ ಸರದಿ ಸ್ಪ್ರೇ ಕ್ಯಾನಿನದು. ಮಾದರಿಗಳಿಗೆಂದೇ ಬರುವ ಲ್ಯಾಕರ್ ಬಣ್ಣ. ತಳಕೋಟಿನ ಪ್ರೈಮರ್ ಒಂದು, ನೀಲಿ ಎರಡು, ಮೇಲೆ ಹೊಡೆಯುವ ಬಣ್ಣವಿಲ್ಲದ ಕ್ಲಿಯರ್ ಒಂದು, ಒಟ್ಟು ನಾಲ್ಕು ಕ್ಯಾನ್‌ಗೆ ನಾನು ತೆತ್ತದ್ದು 3,800 ರೂಪಾಯಿ; ಕಿಟ್ಟಿಗೆ ಕೊಟ್ಟದ್ದು 3,200. ಒತ್ತಡ ತುಂಬಿದ ಡಬ್ಬಿಯನ್ನು ವಿಮಾನದಲ್ಲಿ ಕಳುಹಿಸುವಂತಿಲ್ಲವಾದ್ದರಿಂದ ಲಾರಿಯಲ್ಲಿ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಜೂನ್ ಮೊದಲ ವಾರ ತರಿಸಿದ್ದು ಜೂನ್ ಕೊನೆಗೆ ಬಂತು. ಅಲ್ಲೇ ಎಡವಟ್ಟಾಯಿತು.

ಜುಲೈ ನಡುವಿನ ಒಂದು ಭಾನುವಾರ ಮಳೆ ಬಿಟ್ಟು ಹೊಳವಾಯಿತು. ಹೊಳವಿಗಾಗಿ ಕಾಯುತ್ತಿದ್ದವನು ನಾನೊಬ್ಬನೇ ಅಲ್ಲ. ಅಡಿಕೆಯ ಕೊಳೆರೋಗಕ್ಕೆ ಮೊದಲ ಮದ್ದು ಬಿಟ್ಟು ನಲವತ್ತೈದು ದಿನ ಕಳೆದಿತ್ತು. ಎರಡನೆಯದಕ್ಕೆ ಅಪ್ಪ ದಿನ ಎಣಿಸುತ್ತಿದ್ದರು. ಮದ್ದು ಬಿಡುವ ಉದ್ದ ಕೋಲು, ದೋಟಿ, ಹಿಡಿಯುವ ಆಳು ಎಂಟಕ್ಕೇ ಬಂದ. ನೂರು ಲೀಟರ್ ನೀರು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕಲಸುವುದು, ಪೈಪು ಎಳೆಯುವುದು ನನ್ನ ಪಾಲು. ಅದೆಲ್ಲ ಮುಗಿಸಿ, ಕೈ ತೊಳೆದು, ಜಗಲಿಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಕಾರಿನ ಮೈಯನ್ನು ನಿಲ್ಲಿಸುವಾಗ ಮೂರು ಗಂಟೆ. ಬಿಸಿಲು ಇನ್ನೂ ಇತ್ತು. ಪ್ರೈಮರ್ ಹಿಂದಿನ ವಾರವೇ ಒಣಗಿತ್ತು. ಎರಡು ತೆಳು ಕೋಟು, ಆಮೇಲೆ ಒಂದು ತುಂಬು ಕೋಟು. ನೀಲಿ ಹೊಳೆಯಿತು. ಮಾಡಿನ ಹಂಚು ಕಾರಿನ ಬೆನ್ನ ಮೇಲೆ ಪ್ರತಿಬಿಂಬಿಸಿದ್ದನ್ನು ನಾನೇ ಕಂಡೆ.

ಎರಡು ನಿಮಿಷದಲ್ಲಿ ಪ್ರತಿಬಿಂಬ ಮಾಸಿತು. ಮೊದಲು ಬಾನೆಟ್ಟಿನ ತುದಿ, ಆಮೇಲೆ ಕಾರಿನ ಮಾಡು, ಆಮೇಲೆ ಹಿಂದಿನ ಮಡ್‌ಗಾರ್ಡ್. ಅಕ್ಕಿ ತೊಳೆದ ನೀರನ್ನು ಮೇಲಿನಿಂದ ಸುರಿದಂತೆ ಕಾರು ಬಿಳಿಚಿಕೊಂಡಿತು. ಹೆಂಡತಿ ಬಂದು ನೋಡಿ, “ವಿಭೂತಿ ಹಚ್ಚಿದಿರಾ?” ಎಂದು ಕೇಳಿದಳು. ನಗಲಿಕ್ಕೂ ಆಗಲಿಲ್ಲ.

ಕಾರಣ ಸರಳ, ತಿಳಿದದ್ದು ಮಾತ್ರ ತಡವಾಗಿ. ಲ್ಯಾಕರಿನ ದ್ರಾವಕ ಬೇಗನೆ ಹಾರಿಹೋಗುತ್ತದೆ. ಹಾರುವಾಗ ಬಣ್ಣದ ಮೈಯ ಶಾಖವನ್ನೂ ಹೊತ್ತೊಯ್ಯುತ್ತದೆ. ಮೈ ತಣ್ಣಗಾದಾಗ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಸೋಡಾ ಬಾಟಲಿಯ ಹೊರಮೈ ಬೆವರುವ ಹಾಗೆ. ಒದ್ದೆ ಬಣ್ಣದೊಳಗೆ ಸೇರಿದ ಆ ತೇವವೇ ಬಿಳಿ ಪರದೆಯಾಗುತ್ತದೆ. ಬಿಸಿಲಿದ್ದರೆ ಗಾಳಿ ಒಣಗಿದೆ ಎಂದುಕೊಂಡದ್ದು ನನ್ನ ಮೂರ್ಖತನ. ಆಮೇಲೆ ಒಂದು ಅಗ್ಗದ ತೇವಮಾಪಕ ಕೊಂಡೆ. ಅಂಥದೇ ಬಿಸಿಲಿನ ಇನ್ನೊಂದು ಮಧ್ಯಾಹ್ನ, ಅದೇ ಜಗಲಿಯಲ್ಲಿ ಅದು ತೋರಿಸಿದ್ದು ಶೇ. 88.

ರಿಪೇರಿಯ ಪ್ರಯತ್ನಗಳು ಇನ್ನೂ ದೊಡ್ಡ ಪ್ರಹಸನ. ಮೇಲಿಂದ ಇನ್ನೊಂದು ಕೋಟು ಹೊಡೆದೆ, ಅದೂ ಬಿಳಿಚಿತು. ಕೂದಲು ಒಣಗಿಸುವ ಡ್ರೈಯರ್ ಹಿಡಿದೆ, ಬಿಳುಪು ಹಾಗೆಯೇ ಉಳಿದು ಒಂದು ಕಡೆ ಬಣ್ಣ ಸುಕ್ಕಾಯಿತು. ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಪ್ಲಾಸ್ಟಿಕ್ ಚಮಚದ ಮೇಲೆ ಪರೀಕ್ಷಿಸಿದೆ. ಹನಿ ನುಣ್ಣಗಾಯಿತೇ ಹೊರತು ಪರದೆ ಹೋಗಲಿಲ್ಲ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಗೂಡಿನೊಳಗೆ ಬೆಚ್ಚಗಿರುತ್ತದೆಂದು ಅಲ್ಲಿಯೂ ಒಂದು ಚಮಚ ಹೊಡೆದೆ. ಬಿಳುಪು ಕಡಿಮೆಯಾದದ್ದು ನಿಜ. ಆದರೆ ಅಡಿಕೆ ಸಿಪ್ಪೆಯ ನಾರು ಬಣ್ಣದ ಮೇಲೆ ಕೂತು ಚಮಚಕ್ಕೆ ಮೀಸೆ ಬಂತು.

ಕೊನೆಗೆ ಪೇಟೆಯ ಗ್ಯಾರೇಜಿನಲ್ಲಿ ಕಾರಿಗೆ ಬಣ್ಣ ಹೊಡೆಯುವವರಿಗೆ ಚಮಚವನ್ನು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು, “ಮಾಷ್ಟ್ರೇ, ಮಳೆಗಾಲದಲ್ಲಿ ನಾವು ತಿನ್ನರಿಗೆ ರಿಟಾರ್ಡರ್ ಸೇರಿಸುತ್ತೇವೆ. ನಿಮ್ಮದರಲ್ಲಿ ಎಲ್ಲಿ ಸೇರಿಸುತ್ತೀರಿ?” ಎಂದು ಕ್ಯಾನನ್ನು ಅಲುಗಾಡಿಸಿದರು. ಒಳಗಿನ ಗುಂಡು ಟಕಟಕ ಎಂದಿತು. ರಿಟಾರ್ಡರ್ ಎಂದರೆ ನಿಧಾನವಾಗಿ ಹಾರುವ ದ್ರಾವಕ. ಮೈ ಥಟ್ಟನೆ ತಣ್ಣಗಾಗದಂತೆ ತಡೆಯುತ್ತದೆ. ಗನ್ನಿನಲ್ಲಿ ಹೊಡೆಯುವವರು ಹವೆ ನೋಡಿ ಅದನ್ನು ಬೆರೆಸಿಕೊಳ್ಳಬಹುದು. ಸ್ಪ್ರೇ ಕ್ಯಾನ್ ಮೊಹರು ಮಾಡಿದ ಡಬ್ಬಿ. ಕಾರ್ಖಾನೆಯವನು ಯಾವ ಹವೆಯನ್ನು ಮನಸ್ಸಿನಲ್ಲಿಟ್ಟು ತುಂಬಿದನೋ ಆ ಹವೆಯನ್ನು ನಾವೇ ಒದಗಿಸಬೇಕು. ಬದಿಯಡ್ಕದಲ್ಲಿ ಜುಲೈಗೆ ಅದು ನನ್ನಿಂದಾಗದು.

ಬಣ್ಣ ಕಳಚಲು ಬ್ರೇಕ್ ಆಯಿಲ್ ಬೇಕಾಯಿತು. ನಿಜವಾದ ಕಾರಿನ ಮೇಲೆ ಚೆಲ್ಲಿದರೆ ಬಣ್ಣವನ್ನೇ ತಿನ್ನುವ ಅದೇ ಎಣ್ಣೆ. ಕೈಗವಸು ಹಾಕಿ, ಹಳೆಯ ಐಸ್‌ಕ್ರೀಂ ಡಬ್ಬಿಯಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು, ಮರುದಿನ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ಬೀಟಲ್ ಮತ್ತೆ ಹುಟ್ಟಿದ ಬಣ್ಣಕ್ಕೆ ಮರಳಿತು, 3,800ರಲ್ಲಿ ಅರ್ಧ ಚರಂಡಿಗೆ ಹೋಯಿತು.

ಏರ್‌ಬ್ರಷ್ ಬಗ್ಗೆ ಹೆಚ್ಚು ಹೇಳಲಾರೆ, ಅದರ ಕಂಪ್ರೆಸರ್ ಎರವಲಿನದು. ಕುಂಬಳೆಯ ಅತ್ತಿಗೆ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾರೆ. ಕೇಕಿಗೆ ಬಣ್ಣ ಹೊಡೆಯಲು ಸಣ್ಣ ಕಂಪ್ರೆಸರ್ ಇಟ್ಟುಕೊಂಡಿದ್ದಾರೆ. “ಕಂಪ್ರೆಸರ್ ಕೊಂಡುಹೋಗು, ಪೆನ್ ಮುಟ್ಟಬೇಡ, ನಾಳೆ ಯಾರದೋ ಹುಟ್ಟುಹಬ್ಬಕ್ಕೆ ವಿಷ ತಿನ್ನಿಸಬೇಕಾದೀತು” ಎಂದರು. 0.3 ಮಿಲಿಮೀಟರ್ ನಳಿಕೆಯ ಪೆನ್ನನ್ನು ನಾನೇ ಕೊಂಡೆ. ಅಕ್ರಿಲಿಕ್ ಬಣ್ಣ ಹಾಕಿ ಚಮಚಗಳ ಮೇಲೆ ಹೊಡೆದೆ. ನುಣುಪಿನ ವಿಷಯದಲ್ಲಿ ಮೂರರಲ್ಲಿ ಇದೇ ಮೊದಲು, ಅದರಲ್ಲಿ ಸಂಶಯವಿಲ್ಲ. ಆದರೆ ತೇವದ ಗಾಳಿಯನ್ನು ಒತ್ತಿ ಕಳುಹಿಸಿದರೆ ಕೊಳವೆಯಲ್ಲಿ ನೀರು ಕೂಡುತ್ತದೆ. ಹತ್ತು ನಿಮಿಷವಾದ ಮೇಲೆ ಪೆನ್ ಬಣ್ಣದ ನಡುವೆ ಒಂದೊಂದು ಹನಿ ನೀರನ್ನೂ ಉಗುಳಿತು. ನೀರು ಹಿಡಿಯುವ ಬಟ್ಟಲನ್ನು ಆಗಾಗ ಬಿಚ್ಚಿ ಚೆಲ್ಲಬೇಕು. ಐದು ನಿಮಿಷದ ಬಣ್ಣಕ್ಕೆ ಇಪ್ಪತ್ತು ನಿಮಿಷದ ತೊಳೆತ. ರಾತ್ರಿ ಒಂಬತ್ತರ ಮೇಲೆ, ಮಗು ಮಲಗಿದ ಮನೆಯಲ್ಲಿ ಕಂಪ್ರೆಸರ್ ಗುರುಗುಟ್ಟುವಂತಿಲ್ಲ. ಗಾಳಿಮಳೆ ಬಂದರೆ ಕರೆಂಟೂ ಇಲ್ಲ. ರೆಡ್ ಅಲರ್ಟಿನ ದಿನ ಕರೆಂಟ್ ನಂಬಿ ಕೆಲಸಕ್ಕೆ ಕೂರುವವನು ನಮ್ಮ ಊರಿನವನಲ್ಲ.

ಇನ್ನು ಎನಾಮಲ್. ಹಂಬ್ರೋಲ್ ಕಂಪನಿಯ ಡಬ್ಬಿ ಮೂರು: ನೀಲಿ, ಬಿಳಿ, ಚಿಟಿಕೆಯಷ್ಟು ಬೇಕಾದ ಹಸಿರು. ಎಲ್ಲ ಸೇರಿ 690 ರೂಪಾಯಿ. ಒಂದೇ ಕಿವಿಮಾತು: ಎಲ್ಲ ಕೋಟುಗಳಿಗೂ ಬೇಕಾಗುವಷ್ಟು ಬಣ್ಣವನ್ನು ಒಂದೇ ಸಲಕ್ಕೆ ಕಲಸಿ ಮುಚ್ಚಳದ ಬಾಟಲಿಯಲ್ಲಿಡಿ. ಮೂರನೆಯ ಕೋಟಿಗೆ ಹೊಸದಾಗಿ ಕಲಸಿದರೆ ಅದೇ ನೀಲಿ ಮತ್ತೆ ಸಿಗುವುದಿಲ್ಲ.

ಮಳೆಯಲ್ಲಿ ಇದು ಬಿಳಿಚುವುದಿಲ್ಲ, ಏಕೆಂದರೆ ಟರ್ಪಂಟೈನ್ ನಿಧಾನವಾಗಿ ಹಾರುತ್ತದೆ. ಗ್ಯಾರೇಜಿನವರು ಹೇಳಿದ ರಿಟಾರ್ಡರಿನ ಗುಣ ಹುಟ್ಟಿನಿಂದಲೇ ಇದರಲ್ಲಿದೆ. ಆಮೇಲೆ ಗಟ್ಟಿಯಾಗುವುದು ಗಾಳಿಯ ಆಮ್ಲಜನಕ ಹೀರಿ, ತೀರಾ ಸಾವಕಾಶವಾಗಿ. ಈ ಸಾವಕಾಶದಿಂದ ಕುಂಚದ ಗೆರೆಗಳಿಗೆ ತಾವೇ ಇಳಿದು ಸಮವಾಗಲು ಹೊತ್ತು ಸಿಗುತ್ತದೆ. ಎರಡು ಪಾಲು ಬಣ್ಣಕ್ಕೆ ಒಂದು ಪಾಲು ಟರ್ಪಂಟೈನ್ ಹಾಕಿದೆ. ಮೊದಲ ಕೋಟು ನೋಡಿದರೆ ಅಳು ಬರಬೇಕು, ಅಷ್ಟು ತೇಪೆ ತೇಪೆ. ಆಗ ಕೈ ಕಟ್ಟಿ ಕೂರಬೇಕು. ಎಳೆದ ಗೆರೆಯ ಮೇಲೆ ಮತ್ತೆ ಕುಂಚ ಆಡಿಸಿದರೆ ಕೆಟ್ಟಿತು. ಒಂದು ಕೋಟು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ನಡುವೆ ಮೂರು ದಿನ. ಎರಡನೆಯ ಕೋಟಿನಿಂದಾಚೆಗೆ ಪ್ರತಿ ಸಲ 2000 ನಂಬರಿನ ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ ಮೆಲ್ಲನೆ ಉಜ್ಜಿದೆ. ನಾಲ್ಕನೆಯ ಕೋಟಿಗೆ ತೇಪೆ ಕಾಣೆಯಾಯಿತು.

ಬೀಟಲ್ ಕುಂಚಕ್ಕೆ ಹೇಳಿ ಮಾಡಿಸಿದ ಕಾರು ಎನ್ನುವುದು ಕೆಲಸಕ್ಕೆ ಕೂತ ಮೇಲೆ ಹೊಳೆಯಿತು. ಅಸಲಿ ಬೀಟಲ್‌ನಲ್ಲಿ ನಾಲ್ಕೂ ಮಡ್‌ಗಾರ್ಡುಗಳು ಬೇರೆಯಾಗಿದ್ದು ಬೋಲ್ಟಿನಿಂದ ಮೈಗೆ ಕೂಡಿಕೊಂಡಿರುತ್ತವೆ. ಮಾದರಿಯಲ್ಲೂ ಆ ಸಂದಿ ಎದ್ದು ಕಾಣುತ್ತದೆ. ಕುಂಚವನ್ನು ಎಲ್ಲಿ ನಿಲ್ಲಿಸುವುದು ಎಂಬ ಚಿಂತೆಯೇ ಇಲ್ಲ, ಗೆರೆಯ ಕೊನೆ ಸಂದಿಯಲ್ಲಿ ಅಡಗುತ್ತದೆ. ಬಾಗಿಲಿನಿಂದ ಹಿಂಬದಿಯವರೆಗೆ ಒಂದೇ ಹಲಗೆಯಂತೆ ಚಾಚಿಕೊಂಡ ಕಾರಾಗಿದ್ದರೆ ನಾನು ಇಷ್ಟು ಧೈರ್ಯದಲ್ಲಿ ಬರೆಯುತ್ತಿರಲಿಲ್ಲ.

ತೊಂದರೆ ಇಲ್ಲವೆಂದಲ್ಲ. ಮೂರು ದಿನ ಒದ್ದೆಯಿರುವ ಬಣ್ಣವೆಂದರೆ ಹುಳಗಳಿಗೆ ಹಾಸಿದ ಹಾಸಿಗೆ. ಕಾರಿನ ಮೇಲೆ ಮೊಸರಿನ ಖಾಲಿ ಬಕೆಟ್ ಕವುಚಿದರೂ ಒಂದು ಸೊಳ್ಳೆ ಬಾನೆಟ್ಟಿನ ನಡುವೆ ಪ್ರಾಣ ಬಿಟ್ಟಿತು. ಒಣಗಿದ ಮೇಲೆ ಕಾಲುಗಳ ಸಮೇತ ಉಜ್ಜಿ ತೆಗೆದೆ. ವಾಸನೆ ಚಾವಡಿಗೆ ಬರುತ್ತದೆಂದು ನನ್ನನ್ನು ಹಿಂದಿನ ಕೊಟ್ಟಿಗೆಗೆ ಸಾಗಹಾಕಿದರು. ಪಾಲಿಶ್ ಮಾಡಲು ಒಂದು ತಿಂಗಳು ಕಾಯಬೇಕಾಯಿತು. ಹೊಳಪು ಚೆನ್ನಾಗಿ ಬಂತು, ಆದರೆ ಕಣ್ಣಿನ ಹತ್ತಿರ ಹಿಡಿದರೆ ಹಿಂದಿನ ಕಿಟಕಿಯ ಕೆಳಗೆ ಎರಡು ಗೆರೆ ಈಗಲೂ ಕಾಣುತ್ತವೆ. ನಾನು ಕಾರನ್ನು ಆ ಬದಿ ಗೋಡೆಗೆ ಬರುವಂತೆ ಇಟ್ಟಿದ್ದೇನೆ.

ಕಿಟಕಿಯ ಸುತ್ತಲಿನ ಕಪ್ಪು ರಬ್ಬರ್ ಪಟ್ಟಿಗೆ ಮೂರರಲ್ಲಿ ಯಾವುದನ್ನು ಆರಿಸಿದರೂ ಕೊನೆಗೆ ಕುಂಚವೇ ಗತಿ.

ಬೆಳ್ಳಿಯಂತೆ ಮಿನುಗುವ ಮೆಟಾಲಿಕ್ ಬಣ್ಣ ಬೇಕೆನ್ನುವವರು ನನ್ನ ಮಾತು ಕೇಳಬಾರದು. ಅದರಲ್ಲಿರುವ ಲೋಹದ ಪುಡಿ ಕುಂಚ ಎಳೆದತ್ತ ಸಾಲುಗಟ್ಟುತ್ತದೆ, ಎಷ್ಟು ಉಜ್ಜಿದರೂ ಸರಿಹೋಗದು. ಅದಕ್ಕೆ ಸ್ಪ್ರೇ ಕ್ಯಾನೇ ಸರಿ. ಜನವರಿಯಲ್ಲಿ, ಹತ್ತು ಗಂಟೆಯ ಬಿಸಿಲಿಗೆ, ಮೂಗಿಗೆ ಮಾಸ್ಕ್ ಕಟ್ಟಿ. ಕೈಯಲ್ಲಿ ಹಣವಿದ್ದು, ಮನೆಯಲ್ಲಿ ಬೇರೆ ಕೋಣೆಯಿದ್ದು, ವರ್ಷಕ್ಕೆ ಏಳೆಂಟು ಕಾರು ಕಟ್ಟುವವರು ಏರ್‌ಬ್ರಷ್ ಕೊಳ್ಳಲಿ. ನಾನು ವರ್ಷಕ್ಕೆ ಕಟ್ಟುವುದು ಒಂದು, ಹೆಚ್ಚೆಂದರೆ ಎರಡು. ರಾತ್ರಿ ಉತ್ತರಪತ್ರಿಕೆ ತಿದ್ದಿ ಮುಗಿದ ಮೇಲೆ ಮುಕ್ಕಾಲು ಗಂಟೆ ಸಿಕ್ಕಿದರೆ ಒಂದು ಕೋಟು ಎಳೆದು, ಕುಂಚ ತೊಳೆದು, ಬಕೆಟ್ ಕವುಚಿ ಮಲಗಬಹುದು. ಮರುದಿನ ಮಳೆ ಬಂದರೂ ಸರಿ, ಕರೆಂಟ್ ಹೋದರೂ ಸರಿ.

ಮುಂದಿನದಕ್ಕೆ ತಮಿಯಾದ್ದೇ ಫಿಯೆಟ್ 500ಎಫ್ ತರಿಸಿದ್ದೇನೆ; ಬಣ್ಣ ಕೆನೆಬಿಳಿ, ಡಬ್ಬಿ ಎರಡು. ಸ್ಪ್ರೇ ಕ್ಯಾನ್‌ಗಳಲ್ಲಿ ಒಂದು ನೀಲಿ ಅರ್ಧ, ಒಂದು ಕ್ಲಿಯರ್ ಪೂರ್ತಿ ಕಪಾಟಿನಲ್ಲಿ ಉಳಿದಿವೆ. ಗೇಟಿನ ಚಿಲಕಕ್ಕೆ ಹೊಡೆದುಕೊಳ್ಳುತ್ತೇನೆಂದು ಅಪ್ಪ ಕೇಳಿದ್ದಾರೆ. ಡಿಸೆಂಬರ್ ಕಳೆಯಲಿ ಎಂದಿದ್ದೇನೆ.