ಕೊರಮೀನಿಗೆ ರಬ್ಬರ್ ಕಪ್ಪೆಯೋ, ಮೆದು ಮೀನೋ, ಸ್ಪಿನ್ನರೋ: ಮಂಡ್ಯದ ನೀರಿನಲ್ಲಿ ಎರಡು ಹಂಗಾಮಿನ ಹೋಲಿಕೆ

ಮಂಡ್ಯ ಜಿಲ್ಲೆಯ ಕೆರೆಗಳಲ್ಲಿ ಕೊರಮೀನಿಗೆ ಗಾಳ ಹಾಕುವವರು ಜೀವಂತ ಕಪ್ಪೆಯನ್ನೋ ಕೈಬೆರಳಿನಷ್ಟು ಉದ್ದದ ಸಣ್ಣ ಮೀನನ್ನೋ ಎರೆಯಾಗಿ ಚುಚ್ಚುವುದು ಹಿಂದಿನಿಂದ ಬಂದ ರೂಢಿ. ನಾನೂ ಹಾಗೆಯೇ ಕಲಿತವನು. ಆದರೆ ಒದ್ದಾಡುವ ಕಪ್ಪೆಯ ಬೆನ್ನಿಗೆ ಗಾಳ ಏರಿಸುವುದು ವರ್ಷಗಳು ಕಳೆದಂತೆ ನನಗೆ ಒಗ್ಗದಾಯಿತು. ಹೀಗಾಗಿ ಕಳೆದ ಎರಡು ಹಂಗಾಮುಗಳಲ್ಲಿ ಜೀವಂತ ಎರೆಯನ್ನು ಪೂರ್ತಿಯಾಗಿ ಬಿಟ್ಟು, ಅಂಗಡಿಯಲ್ಲಿ ಸಿಗುವ ಕೃತಕ ಎರೆಗಳನ್ನು ಮಾತ್ರ ಬಳಸಿದೆ. ಪ್ರತಿ ಬಾರಿಯೂ ಎಷ್ಟು ಹೊಡೆತ ಬಿತ್ತು (ಅಂದರೆ ಮೀನು ಎರೆಯ ಮೇಲೆ ಎಷ್ಟು ಸಲ ಎರಗಿತು), ಎಷ್ಟು ಮೀನು ದಡ ಸೇರಿತು, ಗಾಳ ಬಾಯಿಯ ಯಾವ ಭಾಗಕ್ಕೆ ಚುಚ್ಚಿತ್ತು ಎಂಬುದನ್ನು ಬರೆದಿಟ್ಟುಕೊಂಡೆ. ಈ ಹೋಲಿಕೆಗೆ ಆ ಬರಹವೇ ಆಧಾರ.

ಮೊದಲು ನೀರಿನ ವಿಷಯ ಹೇಳಬೇಕು, ಏಕೆಂದರೆ ಎರೆಯ ಗುಣದೋಷಗಳು ನೀರನ್ನು ಬಿಟ್ಟು ಅರ್ಥವಾಗುವುದಿಲ್ಲ. ನಾನು ಗಾಳ ಹಾಕಿದ್ದು ಮೂರು ಕಡೆ. ಒಂದು, ಪಾಂಡವಪುರ ತಾಲ್ಲೂಕಿನ ಒಂದು ಊರ ಕೆರೆ. ಏರಿಯ ಕಡೆ ಆಳವಿದ್ದರೂ ಹಿಂಭಾಗವೆಲ್ಲ ಜೊಂಡು, ತಾವರೆ ಎಲೆ ಮತ್ತು ಅಂತರಗಂಗೆಯಿಂದ ಮುಚ್ಚಿಹೋಗಿದೆ. ಎರಡು, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಭತ್ತದ ಗದ್ದೆಗಳ ಕೆಳಗಿನ ಬಸಿಗಾಲುವೆಗಳು; ಇವು ಅಗಲದಲ್ಲಿ ಚಿಕ್ಕವಾದರೂ ಕಪ್ಪೆಗಳಿಂದ ತುಂಬಿರುತ್ತವೆ, ಕಪ್ಪೆ ಇರುವ ಕಡೆ ಸಾಮಾನ್ಯವಾಗಿ ಕೊರಮೀನೂ ಇರುತ್ತದೆ. ಮೂರು, ಕೃಷ್ಣರಾಜಸಾಗರದ ಹಿನ್ನೀರು. ಅಲ್ಲಿ ಪರವಾನಗಿ ಹೊಂದಿ ಬಲೆ ಹಾಕುವ ಹರಿಗೋಲಿನವರ ಜೊತೆಗೆ ಹೋಗುತ್ತಿದ್ದೆ. ಕೆರೆಯಲ್ಲಿ ಮೀನಿನ ಗುತ್ತಿಗೆ ಹಿಡಿದವರ ಒಪ್ಪಿಗೆ ಪಡೆಯದೆ ಒಂದು ದಿನವೂ ದಾರ ಬಿಡಲಿಲ್ಲ. ರಂಗನತಿಟ್ಟಿನ ಸುತ್ತಲ ನೀರಿನ ಬಗ್ಗೆ ಕೇಳುವವರಿದ್ದಾರೆ. ಅದು 1940ರಿಂದ ಪಕ್ಷಿಧಾಮ, ಅಲ್ಲಿ ಮೊಸಳೆಗಳೂ ಇವೆ, ಗಾಳದ ಮಾತೇ ಅಲ್ಲಿ ಸಲ್ಲದು. ತುಂಬಿ ಹರಿಯುವ ದೊಡ್ಡ ನಾಲೆಯ ಇಳಿಜಾರಿನಲ್ಲಿ ನಿಂತು ಗಾಳ ಎಸೆಯುವುದನ್ನೂ ನಾನು ಯಾರಿಗೂ ಹೇಳುವುದಿಲ್ಲ. ಕಾಲು ಜಾರಿದರೆ ಹಿಡಿದು ಮೇಲೇರಲು ಅಲ್ಲಿ ಏನೂ ಇರುವುದಿಲ್ಲ.

ಕೊರಮೀನು ಕಿವಿರಿನಿಂದ ಮಾತ್ರವಲ್ಲದೆ ನೇರವಾಗಿ ಗಾಳಿಯಿಂದಲೂ ಉಸಿರಾಡುವ ಮೀನು. ತಲೆಯೊಳಗೆ ಕಿವಿರಿನ ಮೇಲ್ಭಾಗದಲ್ಲಿ ಅದಕ್ಕಾಗಿಯೇ ಒಂದು ಅಂಗವಿದೆ. ಆದ್ದರಿಂದಲೇ ಬೇರೆ ಮೀನು ಬದುಕಲಾರದಷ್ಟು ಕಳೆ ತುಂಬಿದ, ಉಸಿರುಕಟ್ಟುವ ನೀರಿನಲ್ಲಿಯೂ ಅದು ನೆಮ್ಮದಿಯಾಗಿರುತ್ತದೆ ಮತ್ತು ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಇಳಿಯುತ್ತದೆ. ಗಾಳ ಹಾಕುವವನಿಗೆ ಇದರಿಂದ ಎರಡು ವಿಷಯ ಸಿಗುತ್ತವೆ: ಮೀನು ಎಲ್ಲಿದೆ ಎಂಬುದನ್ನು ಅದೇ ತೋರಿಸಿಕೊಡುತ್ತದೆ, ಮತ್ತು ಅದು ಇರುವ ಜಾಗ ಸಾಮಾನ್ಯವಾಗಿ ಗಾಳ ಸಿಕ್ಕಿಕೊಳ್ಳುವ ಜಾಗವೇ ಆಗಿರುತ್ತದೆ.

ಈ ಎರಡನೆಯ ಕಾರಣಕ್ಕೆ ಊರ ಕೆರೆಯಲ್ಲಿ ರಬ್ಬರ್ ಕಪ್ಪೆಗೆ ಸಮನಾದದ್ದು ನನಗೆ ಸಿಕ್ಕಿಲ್ಲ. ಒಳಗೆ ಟೊಳ್ಳಾದ, ಸುಮಾರು ಎರಡು ಇಂಚು ಉದ್ದದ ಈ ಕಪ್ಪೆಗೆ ಹೊಟ್ಟೆಯ ಕೆಳಗಿನಿಂದ ಬಂದು ಬೆನ್ನಿನ ಮೇಲೆ ಅಂಟಿಕೊಂಡು ಕೂರುವ ಜೋಡಿ ಗಾಳವಿರುತ್ತದೆ. ಮೊನೆಗಳು ಮೇಲ್ಮುಖವಾಗಿ ರಬ್ಬರಿಗೆ ಒರಗಿರುವುದರಿಂದ ಎಲೆ, ಜೊಂಡು ಯಾವುದಕ್ಕೂ ಸಿಕ್ಕಿಕೊಳ್ಳದೆ ಜಾರಿಕೊಂಡು ಬರುತ್ತದೆ; ಮೀನು ಬಾಯಿ ಮುಚ್ಚಿದಾಗ ಮೈ ಚಪ್ಪಟೆಯಾಗಿ ಮೊನೆ ಹೊರಬರುತ್ತದೆ. ತಾವರೆ ಎಲೆಯ ಮೇಲೆ ಅದನ್ನು ಬೀಳಿಸಿ, ಒಂದು ಕ್ಷಣ ಸುಮ್ಮನಿದ್ದು, ಎಲೆಯ ಅಂಚಿನಿಂದ ನೀರಿಗೆ ನೂಕಿದಾಗ ಬೀಳುವ ಹೊಡೆತದ ಸದ್ದನ್ನು ಒಮ್ಮೆ ಕೇಳಿದವರು ಮರೆಯಲಾರರು.

ಆದರೆ ಹೊಡೆತ ಬಿದ್ದಷ್ಟು ಮೀನು ಕೈಗೆ ಬರುವುದಿಲ್ಲ, ಕಪ್ಪೆಯ ದೊಡ್ಡ ಕೊರತೆ ಇದೇ. ಮೊದಲ ಹಂಗಾಮಿನಲ್ಲಿ ನನ್ನ ಬರಹದಂತೆ ಮೂರು ಹೊಡೆತಕ್ಕೆ ಒಂದು ಮೀನೂ ಲೆಕ್ಕಕ್ಕೆ ಸಿಗಲಿಲ್ಲ. ತಪ್ಪು ಅರ್ಧ ನನ್ನದು, ಅರ್ಧ ಎರೆಯದು. ನೀರು ಸಿಡಿದ ಕೂಡಲೇ ಕೋಲನ್ನು ಎಳೆಯುತ್ತಿದ್ದೆ. ಅಷ್ಟರಲ್ಲಿ ಮೀನು ಕಪ್ಪೆಯನ್ನು ಬಾಯಿಯೊಳಗೆ ತೆಗೆದುಕೊಂಡಿರುತ್ತಿರಲಿಲ್ಲ. ಕೋಲಿನ ತುದಿಯನ್ನು ಕೆಳಗಿಟ್ಟು, ಒಂದೆರಡು ಸೆಕೆಂಡು ತಡೆದು, ದಾರದಲ್ಲಿ ಭಾರ ತಿಳಿದ ಮೇಲೆಯೇ ಬಲವಾಗಿ ಎಳೆಯುವುದನ್ನು ಕೈ ಕಲಿತ ನಂತರ ಹೆಚ್ಚುಕಡಿಮೆ ಎರಡಕ್ಕೆ ಒಂದರಂತೆ ಮೀನು ಸಿಗತೊಡಗಿತು. ಎರೆಯ ಪಾಲಿನ ತಪ್ಪನ್ನು ಇಕ್ಕಳದಿಂದ ತಿದ್ದಬಹುದು: ಜೋಡಿ ಮೊನೆಗಳನ್ನು ಕೂದಲೆಳೆಯಷ್ಟು ಹೊರಕ್ಕೆ ಬಾಗಿಸಿದರೆ ಕಳೆಗೂ ಸಿಕ್ಕುವುದಿಲ್ಲ, ಮೀನಿಗೂ ಬೇಗ ಚುಚ್ಚುತ್ತದೆ. ಕಡಿಮೆ ಬೆಲೆಯ ಕಪ್ಪೆಗಳಲ್ಲಿ ರಬ್ಬರು ಗಟ್ಟಿಯಾಗಿದ್ದು ಬೇಗ ಚಪ್ಪಟೆಯಾಗುವುದಿಲ್ಲ. ಕೊಳ್ಳುವಾಗ ಎರಡು ಬೆರಳಿನ ನಡುವೆ ಒತ್ತಿ ನೋಡಿಯೇ ಕೊಳ್ಳಬೇಕು. ಒಳಗೆ ನೀರು ತುಂಬಿದರೆ ಅದು ಮುಳುಗಿ ಎಳೆದಾಡುತ್ತದೆ, ಆಗಾಗ ಹಿಂಡಿ ತೆಗೆಯಬೇಕು. ಸಿಕ್ಕಿದ ಮೀನು ಮೊದಲು ಮಾಡುವ ಕೆಲಸ ಜೊಂಡಿನ ಬುಡಕ್ಕೆ ನುಗ್ಗುವುದು. ಆದ್ದರಿಂದ ಕಪ್ಪೆಗೆ ತೆಳು ತಂಗೂಸಿ ಸಾಲದು, 40 ಪೌಂಡು ಭಾರ ತಡೆಯುವ ಹೆಣೆದ ದಾರ ಮತ್ತು ಬಿರುಸಾದ ಕೋಲು ಬೇಕೇ ಬೇಕು. ತಂಗೂಸಿ ಬಳಸಿದ ದಿನಗಳಲ್ಲಿ ಗಾಳ ಬಾಯಲ್ಲಿಟ್ಟುಕೊಂಡೇ ದಾರ ಕಡಿದು ಹೋದ ಎರಡು ಮೀನುಗಳ ನೆನಪು ನನಗೆ ಈಗಲೂ ನೋವು ಕೊಡುತ್ತದೆ.

ಮೆದು ರಬ್ಬರಿನ ಮೀನು, ಅಂದರೆ ಬಾಲ ಅಗಲವಾಗಿರುವ ಮೂರು ಇಂಚಿನ ಸಾಫ್ಟ್ ಪ್ಲಾಸ್ಟಿಕ್, ಇದಕ್ಕೆ ತೀರ ಭಿನ್ನ. ಸೀಸದ ತಲೆಯ ಒಂಟಿ ಗಾಳಕ್ಕೆ ಅದನ್ನು ಏರಿಸಿದರೆ ತಳಕ್ಕೆ ಇಳಿಯುತ್ತದೆ, ನಿಧಾನವಾಗಿ ಎಳೆದರೆ ಬಾಲ ಬಡಿಯುತ್ತ ಬರುತ್ತದೆ. ಊರ ಕೆರೆಯ ಕಳೆಯಲ್ಲಿ ಇದನ್ನು ಎಸೆದು ಪ್ರತಿ ಸಲವೂ ಹಸಿರು ಜಡೆಯನ್ನು ಎಳೆದು ತಂದೆ. ಅಲ್ಲಿ ಇದಕ್ಕೆ ಕೆಲಸವಿಲ್ಲ. ಆದರೆ ಹಿನ್ನೀರಿನ ತೆರೆದ ದಡಗಳಲ್ಲಿ, ಮತ್ತು ನಾಲೆಯ ನೀರು ನಿಲ್ಲಿಸಿದ ಮೇಲೆ ಬಸಿಗಾಲುವೆಯ ಸೇತುವೆ ಕೆಳಗೆ ಉಳಿಯುವ ಮಡುಗಳಲ್ಲಿ, ಕಪ್ಪೆಗೆ ಒಂದು ಹೊಡೆತವೂ ಬೀಳದ ನಡುಮಧ್ಯಾಹ್ನದಲ್ಲಿ ಇದು ಮೀನು ಕೊಟ್ಟಿದೆ. ಬಿಸಿಲೇರಿದಾಗ ಮೀನು ತಳ ಹಿಡಿಯುತ್ತದೆ, ಮೇಲೆ ತೇಲುವ ಎರೆಗಾಗಿ ಅಷ್ಟು ದೂರ ಏರಿ ಬರಲು ಅದಕ್ಕೆ ಮನಸ್ಸಿರುವುದಿಲ್ಲ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಹೊಡೆತವು ಕೈಗೆ ಒಂದು ಸಣ್ಣ ತಟ್ಟಿನಂತೆ ತಿಳಿಯುತ್ತದೆ, ನೋಡಲು ಏನೂ ಇಲ್ಲ. ಆದರೆ ತಟ್ಟಿದ ನಾಲ್ಕರಲ್ಲಿ ಮೂರು ಮೀನು ದಡಕ್ಕೆ ಬಂದಿವೆ, ಗಾಳವು ಬಹುತೇಕ ತುಟಿಯ ಅಂಚಿನಲ್ಲಿಯೇ ಚುಚ್ಚಿರುತ್ತದೆ. ಸೀಸದ ತಲೆ ತೆಗೆದು, ಬಾಗಿದ ಕತ್ತಿನ ಗಾಳದ ಮೊನೆಯನ್ನು ರಬ್ಬರಿನೊಳಗೇ ಅಡಗಿಸಿ ಎಸೆದಾಗ ವಿರಳವಾದ ಕಳೆಯಲ್ಲಿಯೂ ನಡೆಯಿತು. ದಟ್ಟ ಜೊಂಡಿನಲ್ಲಿ ಆಗಲೂ ಸೋತಿತು. ಖರ್ಚಿನ ದೃಷ್ಟಿಯಿಂದ ಇದು ಮೇಲುನೋಟಕ್ಕೆ ಅಗ್ಗ, ನಿಜದಲ್ಲಿ ಅಲ್ಲ. ಕೊರಮೀನಿನ ಚೂಪು ಹಲ್ಲಿಗೆ ಬಾಲ ಕತ್ತರಿಸಿಹೋಗುತ್ತದೆ, ಜಿಲೇಬಿ ಮೀನುಗಳೂ ಬಂದು ಬಾಲವನ್ನು ಕಚ್ಚಿ ಹಾಳುಮಾಡುತ್ತವೆ. ಐದರ ಒಂದು ಪೊಟ್ಟಣ ಎರಡು ಬೆಳಿಗ್ಗೆಗೆ ಮುಗಿದದ್ದುಂಟು. ಕಪ್ಪೆಯಾದರೆ ಒಂದೇ ಇಡೀ ಹಂಗಾಮು ಬಂತು.

ಎಳೆದಾಗ ತಗಡಿನ ಎಲೆ ಗಿರ್ರನೆ ತಿರುಗುವ ಎರೆಯಾದ ಸ್ಪಿನ್ನರಿಗೆ ವರ್ಷದಲ್ಲಿ ಕೆಲವೇ ವಾರಗಳ ಕಾಲವಿದೆ, ಆದರೆ ಆ ಕಾಲದಲ್ಲಿ ಅದೇ ಮೇಲು. ಮಳೆಗೆ ಗದ್ದೆಯ ಕೆಸರೆಲ್ಲ ಬಸಿಗಾಲುವೆಗೆ ಇಳಿದು ನೀರು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದಾಗ, ಕಣ್ಣಿಗೆ ಕಾಣದ ಎರೆಯನ್ನು ಮೀನು ಮೈಯ ಪಕ್ಕದ ಗೆರೆಯಿಂದ, ನೀರಿನ ಅದುರಿನಿಂದಲೇ ಪತ್ತೆಹಚ್ಚುತ್ತದೆ. ತಿರುಗುವ ತಗಡಿನ ಎಲೆ ಕೊಡುವಷ್ಟು ಅದುರನ್ನು ಮಿಕ್ಕ ಎರಡೂ ಕೊಡುವುದಿಲ್ಲ. ಅಂಥ ಒಂದು ಸಂಜೆ ಕಪ್ಪೆಯನ್ನೂ ಮೆದು ಮೀನನ್ನೂ ಒಂದೊಂದು ಗಂಟೆ ಎಸೆದು ಬರಿಗೈಯಲ್ಲಿದ್ದ ನನಗೆ, ಸ್ಪಿನ್ನರ್ ಕಟ್ಟಿದ ಅರ್ಧ ಗಂಟೆಯಲ್ಲಿ ಮೂರು ಮೀನು ಸಿಕ್ಕವು. ದಾರ ತಿರುಚಿಕೊಳ್ಳದಂತೆ ಎರೆಯ ಮುಂದೆ ತಿರುಗಣೆಯನ್ನು, ಅಂದರೆ ತನ್ನಷ್ಟಕ್ಕೆ ತಿರುಗುವ ಸಣ್ಣ ಲೋಹದ ಕೊಂಡಿಯನ್ನು, ಕಟ್ಟಲೇಬೇಕು. ಅದರ ಮೂರು ಮೊನೆಯ ಗಾಳವನ್ನು ಮೊದಲ ವಾರದಲ್ಲಿಯೇ ಬಿಚ್ಚಿ ಒಂಟಿ ಗಾಳ ಹಾಕಿದೆ, ಅದರಿಂದ ಮೀನು ತಪ್ಪಿಸಿಕೊಳ್ಳುವುದು ಹೆಚ್ಚಲಿಲ್ಲ.

ಗಟ್ಟಿ ಪ್ಲಾಸ್ಟಿಕ್ಕಿನ ಈಜುವ ಮೀನನ್ನು ಹಿನ್ನೀರಿನಲ್ಲಿ ಮಾತ್ರ ಬಳಸಿದೆ. ನೀರು ಇಳಿದ ಬೇಸಿಗೆಯಲ್ಲಿ ಅಲ್ಲಿನ ಹಳೆಯ ಮರದ ಬೊಡ್ಡೆಗಳೂ ಕಲ್ಲುಕಟ್ಟಡಗಳೂ ಎರಡು ಅಡಿ ಕೆಳಗೇ ಇರುತ್ತವೆ; ಕೊಂಡ ಮೂರರಲ್ಲಿ ಎರಡು ಅಲ್ಲಿಯೇ ಉಳಿದವು. ಅದರ ಎರಡು ಕಡೆಯ ಮುಮ್ಮೊನೆ ಗಾಳಗಳು ಮೀನಿನ ಕಣ್ಣಿನ ಬಳಿ ಚುಚ್ಚಿದ್ದನ್ನು ಕಂಡ ಮೇಲೆ ಮೂರನೆಯದನ್ನು ಪೆಟ್ಟಿಗೆಯಿಂದ ತೆಗೆದಿಟ್ಟೆ.

ಬಣ್ಣದ ಬಗ್ಗೆ ಅಂಗಡಿಯವರು ಹೇಳುವಷ್ಟು ವ್ಯತ್ಯಾಸ ನನಗೆ ಕಾಣಲಿಲ್ಲ. ಮೀನು ಕಪ್ಪೆಯನ್ನು ಕೆಳಗಿನಿಂದ, ಆಕಾಶಕ್ಕೆ ಎದುರಾಗಿ ನೋಡುತ್ತದೆ. ಮುಸ್ಸಂಜೆಯಲ್ಲಿ ಕಪ್ಪು ಬಣ್ಣದ್ದು ಸ್ಪಷ್ಟವಾಗಿ ಮೇಲಾಗಿತ್ತು, ಉಳಿದ ಹೊತ್ತಿನಲ್ಲಿ ಹಸಿರು, ಕಂದು, ಬಿಳಿ ಎಲ್ಲವೂ ಒಂದೇ.

ಹೊಡೆತದ ಲೆಕ್ಕದಲ್ಲಿ ಕಪ್ಪೆ ಎಲ್ಲಕ್ಕಿಂತ ಮುಂದಿದ್ದ ದಿನವೊಂದನ್ನು ಮಾತ್ರ ನಾನು ಈ ಹೋಲಿಕೆಯಿಂದ ಹೊರಗಿಟ್ಟಿದ್ದೇನೆ. ಮುಂಗಾರಿನ ಒಂದು ಬೆಳಿಗ್ಗೆ ಒಂದೇ ಜಾಗದಲ್ಲಿ ಕಪ್ಪೆಗೆ ಮೇಲಿಂದ ಮೇಲೆ ಹೊಡೆತ ಬೀಳುತ್ತಿತ್ತು. ಕೆರೆ ಕಾಯುವ ಹಿರಿಯರು ಏರಿಯ ಮೇಲಿಂದ ಇಳಿದು ಬಂದು, "ಅದು ಹಸ್ಕೊಂಡು ಹೊಡೀತಿಲ್ಲ ಕಣಪ್ಪ, ಮರಿ ಕಾಯ್ತಾ ಅದೆ. ಅಲ್ನೋಡು" ಎಂದು ಕೈ ತೋರಿಸಿದರು. ಜೊಂಡಿನ ನಡುವಿನ ಬಯಲಿನಲ್ಲಿ ಕುಂಕುಮ ಕದಡಿದಂತೆ ಕೆಂಪು ಮರಿಗಳ ಗುಂಪೊಂದು ಕುದಿಯುತ್ತಿತ್ತು. ತಾಯಿತಂದೆ ಎರಡೂ ಅದರ ಕೆಳಗೆ ಕಾವಲಿರುತ್ತವೆ. ಅವನ್ನು ಎತ್ತಿದರೆ ಮರಿಗಳು ಸ್ವಲ್ಪ ಹೊತ್ತಿನಲ್ಲೇ ಬೇರೆ ಮೀನುಗಳ ಪಾಲು. "ಗೊತ್ತಾಗ್ಲಿಲ್ಲ ತಾತ" ಎಂದು ದಾರ ಸುತ್ತಿಕೊಂಡೆ. ಅಂದಿನಿಂದ ಕೆರೆಯಲ್ಲಿ ಕೆಂಪು ಗುಂಪು ಕಂಡ ದಿನದಿಂದ ಮರಿಗಳು ಬಣ್ಣ ತಿರುಗಿ ಚದುರುವವರೆಗೆ ಕಪ್ಪೆಯನ್ನು ಪೆಟ್ಟಿಗೆಯಲ್ಲಿಯೇ ಇಟ್ಟು, ಕೆಸರು ನೀರಿನ ಬಸಿಗಾಲುವೆಗೆ ಒಂಟಿ ಗಾಳದ ಸ್ಪಿನ್ನರ್ ಹಿಡಿದು ಹೋಗುತ್ತೇನೆ. ಅಲ್ಲಿಯೂ ಎಸೆಯುವ ಮೊದಲು ನೀರಿನ ಮೇಲ್ಮೈಯನ್ನು ಹತ್ತು ನಿಮಿಷ ನೋಡುತ್ತ ನಿಲ್ಲುತ್ತೇನೆ.