ರೆಸಿನ್ ದಿಮ್ಮಿ, ಪ್ಲಾಸ್ಟಿಕ್ ಗಿಡ, ಬಣ್ಣದ ಕಲ್ಲು: ಅಕ್ವೇರಿಯಂ ಅಲಂಕಾರದ ಸೆಟ್, ದೀರ್ಘ ಬಳಕೆಯ ನಂತರ

ಐದರಲ್ಲಿ ಎರಡು ಸ್ಟಾರ್. ಎರಡೂ ದಿಮ್ಮಿಗೆ, ಅದೂ ರಿಪೇರಿ ಮಾಡಿಕೊಂಡ ಮೇಲೆ.

ಸೆಟ್‌ನಲ್ಲಿ ಬರುವುದು ಇಷ್ಟು: 20 ಸೆಂ.ಮೀ. ಉದ್ದದ ಪೊಳ್ಳು ರೆಸಿನ್ (ಅಚ್ಚಿಗೆ ಸುರಿದು ಗಟ್ಟಿಯಾಗಿಸಿದ ಪ್ಲಾಸ್ಟಿಕ್‌ನಂಥ ವಸ್ತು) ದಿಮ್ಮಿ, ಆರು ಪ್ಲಾಸ್ಟಿಕ್ ಗಿಡ, 2 ಕೆ.ಜಿ. ಬಣ್ಣದ ಕಲ್ಲು, ಜತೆಗೆ ಒಂದು ಹಿಡಿ ಕಪ್ಪೆಚಿಪ್ಪು, ಮತ್ತು ಗಾಳಿ ತುಂಬಿದಾಗ ಬಾಯಿ ತೆರೆಯುವ ನಿಧಿ ಪೆಟ್ಟಿಗೆ. ಯಾವ ಮೀನಿಗೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬ ಬಗ್ಗೆ ಡಬ್ಬದ ಮೇಲೆ ಒಂದಕ್ಷರವೂ ಇಲ್ಲ. ಮೊದಲ ತಿಂಗಳು ಎಲ್ಲವೂ ಚಂದ. ಮೀನು ಬೆಳೆದಂತೆ, ಬಣ್ಣ ಸವೆದಂತೆ ಒಂದೊಂದೇ ದೋಷ ಹೊರಬೀಳುತ್ತದೆ.

ದಿಮ್ಮಿಗೆ ಎರಡು ತುದಿಯಲ್ಲಿ ದೊಡ್ಡ ಬಾಯಿ, ಮೈಮೇಲೆ 3–4 ಸೆಂ.ಮೀ. ಅಗಲದ ನಾಲ್ಕೈದು ತೂತು. ತೊಂದರೆ ಈ ತೂತುಗಳದು. ಅಂಗಡಿಯಲ್ಲಿ ಬೆರಳುದ್ದ ಇರುವ, ಗಾಜಿಗೆ ಬಾಯಿ ಕಚ್ಚಿ ಪಾಚಿ ತಿನ್ನುವ ಸಕ್ಕರ್ ಮೀನು ಪೂರ್ತಿ ಬೆಳೆದರೆ 30 ಸೆಂ.ಮೀ. ದಾಟುತ್ತದೆ. ಮರಿಯಾಗಿದ್ದಾಗ ನುಸುಳಿದ ತೂತಿಗೇ ದೊಡ್ಡದಾದ ಮೇಲೂ ನುಗ್ಗಲು ನೋಡುತ್ತದೆ. ತಲೆ ಹೋಗುತ್ತದೆ, ಹೊಟ್ಟೆ ಸಿಕ್ಕಿಕೊಳ್ಳುತ್ತದೆ. ಗಾಬರಿಯಲ್ಲಿ ಎದೆಯ ರೆಕ್ಕೆಯ ಮುಳ್ಳುಗಳನ್ನು ಬಿಚ್ಚಿ ಹಿಡಿದರೆ ಹಿಂದಕ್ಕೂ ಬರಲಾಗದು. ಒರಾಂಡಾದಂಥ ಗುಂಡನೆಯ ಗೋಲ್ಡ್‌ಫಿಶ್ ಸಿಕ್ಕಿಕೊಳ್ಳಲು ಮುಳ್ಳೇನೂ ಬೇಡ, ಹೊಟ್ಟೆಯೊಂದೇ ಸಾಕು.

ಹಾಗಾಗಿ ತೂತನ್ನು ಅಳೆಯಬೇಕಾದ್ದು ಇವತ್ತಿನ ಮೀನಿಗಲ್ಲ, ಬೆಳೆದ ಮೀನಿಗೆ. ಬೆಳೆದಾಗಿನ ಮೈ ದಪ್ಪದ ಎರಡರಷ್ಟಾದರೂ ಅಗಲವಿದ್ದರೆ ಸರಿ. ಮೂತಿಯೂ ತೂರದಷ್ಟು ಕಿರಿದಾಗಿದ್ದರೂ ಸರಿ. ನಡುವಿನ ಅಳತೆಯದೆಲ್ಲ ಮುಚ್ಚಿಬಿಡಿ. ದಿಮ್ಮಿಯನ್ನು ತೊಳೆದು ಒಂದು ದಿನ ಪೂರ್ತಿ ಒಣಗಿಸಿ. ತೂತಿಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಜಾಲರಿ ಕತ್ತರಿಸಿ ಒಳಗಡೆಯಿಂದ ಕೂರಿಸಿ, ಅದರ ಮೇಲೆ ಅಕ್ವೇರಿಯಂ ಸಿಲಿಕೋನ್ (ಟ್ಯಾಂಕಿನ ಗಾಜು ಅಂಟಿಸುವ ಅಂಟು) ತುಂಬಿ. ಜಾಲರಿ ಇಲ್ಲದೆ ಬರೀ ಸಿಲಿಕೋನ್ ಹಾಕಿದರೆ ನಡುವೆ ಕುಸಿದು ಕೆಲವೇ ತಿಂಗಳಲ್ಲಿ ಬಿಟ್ಟುಕೊಳ್ಳುತ್ತದೆ. ಬಾತ್‌ರೂಮಿಗೆಂದು ಮಾರುವ, ಬೂಷ್ಟು ತಡೆಯುವ ಸಿಲಿಕೋನ್ ಬೇಡವೇ ಬೇಡ. ಬೂಷ್ಟು ಕೊಲ್ಲುವ ಆ ರಾಸಾಯನಿಕ ಮೀನಿಗೂ ವಿಷ. ಕನಿಷ್ಠ 48 ಗಂಟೆ ಆರಲಿ, ದಪ್ಪಗಿದ್ದರೆ 72. ವಿನೆಗರ್‌ನಂಥ ವಾಸನೆ ಪೂರ್ತಿ ಹೋಗುವವರೆಗೆ ಟ್ಯಾಂಕಿಗೆ ಇಳಿಸಬೇಡಿ.

ಮೀನು ಈಗಾಗಲೇ ಸಿಕ್ಕಿಕೊಂಡಿದ್ದರೆ ಬಾಲ ಹಿಡಿದು ಎಳೆಯಬೇಡಿ. ಸಕ್ಕರ್‌ನ ಮುಳ್ಳು, ಮೈಮೇಲಿನ ಒರಟು ಫಲಕ ಎಲ್ಲ ಹಿಂದಕ್ಕೆ ಬಾಗಿರುತ್ತವೆ. ಹಿಂದಕ್ಕೆ ಎಳೆದಷ್ಟೂ ಕಚ್ಚಿಕೊಳ್ಳುತ್ತವೆ. ದಿಮ್ಮಿ ಸಮೇತ ಟ್ಯಾಂಕಿನ ನೀರೇ ತುಂಬಿದ ಬಕೆಟ್‌ಗೆ ಹಾಕಿ, ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಗುಳ್ಳೆಯಾಗಿಸುವ ಕಲ್ಲು) ಬಿಟ್ಟು, ಮೇಲೊಂದು ಬಟ್ಟೆ ಮುಚ್ಚಿ ಕತ್ತಲು ಮಾಡಿ. ಗಾಬರಿ ಇಳಿದರೆ ಮುಳ್ಳು ಮಡಚಿಕೊಂಡು ತಾನೇ ಹೊರಬರುವುದುಂಟು. ಬರದಿದ್ದರೆ ತಲೆ ಇರುವ ದಿಕ್ಕಿಗೇ ನಿಧಾನ ತಳ್ಳಿ ನೋಡಿ. ಅದಕ್ಕೂ ಬಗ್ಗದಿದ್ದರೆ ಕಟಿಂಗ್ ಪ್ಲೈಯರ್‌ನಿಂದ ತೂತಿನ ಅಂಚನ್ನು ಚೂರು ಚೂರಾಗಿ ಮುರಿಯಿರಿ, ಮೀನಿನ ಕಿವಿರು ನೀರಿನಲ್ಲೇ ಇರಲಿ. ದಿಮ್ಮಿ ಹಾಳಾದರೆ ಆಗಲಿ.

ಪೊಳ್ಳು ವಸ್ತುವಿಗೆ ಇನ್ನೊಂದು ಕಾಯಿಲೆ ಇದೆ. ತೂತು ಮುಚ್ಚಿದ ಮೇಲೆ ಅದು ಹೆಚ್ಚುತ್ತದೆ: ಒಳಗೆ ನೀರು ಆಡುವುದಿಲ್ಲ. ಉಳಿದ ಆಹಾರ, ಹಿಕ್ಕೆ ಮೂಲೆ ಸೇರಿ ಕೊಳೆಯುತ್ತವೆ, ಆಮ್ಲಜನಕವಿಲ್ಲದ ಕಡೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಎತ್ತಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದೇ. ಬುಡದ ಹತ್ತಿರ ಮತ್ತು ಮೇಲ್ಭಾಗದಲ್ಲಿ 4 ಮಿ.ಮೀ. ಬಿಟ್‌ನಿಂದ ಏಳೆಂಟು ತೂತು ಕೊರೆದು, ಅಂಚನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಫಿಲ್ಟರ್ ನೀರು ಬೀಳುವ ದಿಕ್ಕಿಗೆ ಒಂದು ಬಾಯಿ ಬರುವಂತೆ ಇಡಿ. ನೀರು ಬದಲಾಯಿಸುವಾಗ ಒಮ್ಮೆ ಎತ್ತಿ ಅಲುಗಿಸಿ. ಎಣಿಕೆಗೆ ಒಂದು ಮೀನು ಕಡಿಮೆ ಬಂದರೆ ಮೊದಲು ನೋಡಬೇಕಾದ್ದೂ ಇದರೊಳಗೇ. ಸತ್ತ ಮೀನು ಒಂದೆರಡು ದಿನ ಅಲ್ಲೇ ಉಳಿದರೆ ಸಣ್ಣ ಟ್ಯಾಂಕಿನಲ್ಲಿ ಅಮೋನಿಯಾ ಏರಿ ಉಳಿದವೂ ಹೋಗುತ್ತವೆ.

ಬಣ್ಣದ ಪರೀಕ್ಷೆ ಸುಲಭ. ಬಕೆಟ್ ನೀರಿನಲ್ಲಿ ಒಂದು ವಾರ ನೆನೆಸಿ, ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ, ನೀರಿನ ಮೇಲೆ ಎಣ್ಣೆಯಂತೆ ಪದರ ಕಂಡರೆ, ಪೇಂಟಿನ ವಾಸನೆ ಬಂದರೆ ಅಂಗಡಿಗೆ ವಾಪಸ್. ರೆಸಿನ್ ಅನ್ನು ಕುದಿಸಬೇಡಿ, ಮೆತ್ತಗಾಗಿ ಬಣ್ಣ ಏಳುತ್ತದೆ. ಸೋಪೂ ಬೇಡ. ಈ ಸೆಟ್‌ನ ದಿಮ್ಮಿ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಪೆಟ್ಟಿಗೆಯ ಚಿನ್ನದ ಬಣ್ಣ ಫೇಲಾಗುತ್ತದೆ.

ಗಿಡಗಳ ಎಲೆಯಂಚು ಅಚ್ಚಿನಿಂದ ಬಂದ ಹಾಗೇ ಇರುತ್ತದೆ, ಗರಗಸದಂತೆ. ಹಳೆಯ ಶಿಫಾನ್ ದುಪಟ್ಟಾವನ್ನು ಎಲೆಗಳ ಮೇಲೆ ಎಳೆದು ನೋಡಿ: ನೂಲು ಸಿಕ್ಕಿಕೊಂಡರೆ ಫೈಟರ್ ಮೀನಿನ ಉದ್ದ ರೆಕ್ಕೆಯೂ ಹರಿಯುತ್ತದೆ. ಹರಿದ ರೆಕ್ಕೆಗೆ ಕೊಳೆ ರೋಗ ಹತ್ತಿದಾಗ ಔಷಧಿ ಹುಡುಕುವವರು ಗಿಡವನ್ನು ಅನುಮಾನಿಸುವುದು ಕಡಿಮೆ. ಜೀಬ್ರಾ ಡ್ಯಾನಿಯೋ, ಟೈಗರ್ ಬಾರ್ಬ್‌ನಂಥ ಗಿಡ್ಡ ರೆಕ್ಕೆಯ ಮೀನಿಗೆ ಈ ಗಿಡ ನಡೆಯುತ್ತದೆ. ಬಟ್ಟೆಯ ಗಿಡ ಕೊಳ್ಳುವುದಾದರೆ ಕಾಂಡದೊಳಗೆ ಕಬ್ಬಿಣದ ತಂತಿ ಇದೆಯೇ ಎಂದು ಬಗ್ಗಿಸಿ ನೋಡಿ. ಬಗ್ಗಿದ ಹಾಗೇ ನಿಂತರೆ ಒಳಗೆ ತಂತಿ ಇದೆ, ತುಕ್ಕು ಹಿಡಿದು ಮೊನೆ ಹೊರಬರುತ್ತದೆ.

ಕಲ್ಲಿಗೆ ಸೊನ್ನೆ. 4–6 ಮಿ.ಮೀ. ಎಂದರೆ ಗೋಲ್ಡ್‌ಫಿಶ್ ಬಾಯಿಗೆ ಹೇಳಿ ಮಾಡಿಸಿದ ಅಳತೆ. ಅದು ತಳವನ್ನು ಬಾಯಿಗೆ ಹಾಕಿಕೊಂಡು ಜಾಲಾಡಿ ಉಗುಳುವ ಜಾತಿ. ಒಂದು ಕಲ್ಲು ಅಡ್ಡಬಿದ್ದರೆ ಬಾಯಿ ತೆರೆದೇ ಉಳಿಯುತ್ತದೆ. ಕೆಲವು ಗಂಟೆಯಲ್ಲಿ ತಾನೇ ಉಗುಳದಿದ್ದರೆ, ಒದ್ದೆ ಕೈಯಲ್ಲಿ ತಲೆ ಕೆಳಗಾಗಿ ಹಿಡಿದು ಗಂಟಲಿನ ಅಡಿಯಿಂದ ಬಾಯಿಯ ಕಡೆಗೆ ಮೆಲ್ಲಗೆ ಒತ್ತಬೇಕು. ತಳಕ್ಕೆ 1 ಮಿ.ಮೀ.ಗಿಂತ ಸಣ್ಣ ಕಣದ, ಚೆನ್ನಾಗಿ ತೊಳೆದ ಮರಳು 2–3 ಸೆಂ.ಮೀ. ಹಾಕಿ, ಇಲ್ಲವೇ ಬಾಯಿಗೆ ಹಿಡಿಯದ 3 ಸೆಂ.ಮೀ. ಉರುಟು ಕಲ್ಲು.

ಕಪ್ಪೆಚಿಪ್ಪಿನ ಮೇಲೆ ವಿನೆಗರ್ ಬಿಟ್ಟರೆ ಬುಸುಗುಟ್ಟುತ್ತದೆ. ಸುಣ್ಣದಂಶ ಕರಗಿ ನೀರಿನ ಗಡಸುತನ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಎರಡನ್ನೂ ಏರಿಸುತ್ತದೆ. ಅಮೃತಶಿಲೆಯ ಚೂರೂ ಅಷ್ಟೇ. ಗಪ್ಪಿ, ಮೋಲಿಗಳಿಗೆ ಅಡ್ಡಿಯಿಲ್ಲ. ಮೃದು ನೀರಿನ ಮೀನುಗಳಾದ ಡಿಸ್ಕಸ್, ಕಾರ್ಡಿನಲ್ ಟೆಟ್ರಾಗಳಿಗೆ ಆಗದು. ಅಮೋನಿಯಾದ ಲೆಕ್ಕವೂ ಇಲ್ಲಿದೆ: 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷವಾಗುವ ರೂಪ ಶೇ. 0.6ರಷ್ಟು; ಪಿಎಚ್ 8ಕ್ಕೆ ಏರಿದರೆ ಶೇ. 5ರಷ್ಟು. ಗಡಸು ಬೋರ್‌ವೆಲ್ ನೀರು ಬಳಸುವವರು ಕಪ್ಪೆಚಿಪ್ಪಿಗೆ ಕೈ ಹಾಕದಿರುವುದೇ ಮೇಲು.

ನಿಧಿ ಪೆಟ್ಟಿಗೆ ಆಟಿಕೆ. ಬೇಕೇ ಬೇಕೆಂದರೆ ಪಂಪ್ ಮತ್ತು ಟ್ಯಾಂಕಿನ ನಡುವಿನ ಟ್ಯೂಬಿಗೆ ನಾನ್ ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಹಾಕಿ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಕರೆಂಟ್ ಹೋದ ಕೂಡಲೇ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪಿಗೂ, ಅಲ್ಲಿಂದ ಪ್ಲಗ್ ಬೋರ್ಡಿಗೂ ಇಳಿಯುತ್ತದೆ. ಮುಚ್ಚಳದ ಕೀಲಿನಲ್ಲಿ ಲೋಹದ ಕಡ್ಡಿ ಇದ್ದರೆ ತೆಗೆದು ಪ್ಲಾಸ್ಟಿಕ್ ಕಡ್ಡಿ ಹಾಕಿ. ತಾಮ್ರದಂಶವಿರುವ ಕಡ್ಡಿಯಾದರೆ ಸೀಗಡಿ, ಬಸವನಹುಳು ಮೊದಲು ಸಾಯುತ್ತವೆ.

ಇದೇ ದುಡ್ಡಿಗೆ ಅಡಗುತಾಣ ಬೇಕಾದವರು ಬಣ್ಣ ಬಳಿಯದ ಮಣ್ಣಿನ ಕುಡಿಕೆ ತಂದು ಅಡ್ಡ ಮಲಗಿಸಿ. ತೆಂಗಿನ ಕರಟವೂ ಆದೀತು: ತಿರುಳು, ನಾರು ಪೂರ್ತಿ ಕೆರೆದು, ನೀರು ಬದಲಿಸುತ್ತಾ ಮೂರ್ನಾಲ್ಕು ಸಲ ಕುದಿಸಿ, ಬಾಯಿ ಕೊರೆದು ಅಂಚು ನುಣುಪು ಮಾಡಿ. ಕಂದು ಬಣ್ಣ ಸ್ವಲ್ಪ ಬಿಡುತ್ತದೆ, ಮೀನಿಗೇನೂ ಆಗದು. ಫ್ಲವರ್‌ಹಾರ್ನ್‌ನಂಥ ತಳ ತೋಡುವ ಮೀನಿದ್ದರೆ ಕುಡಿಕೆಯಾಗಲಿ ಕಲ್ಲಾಗಲಿ ಮರಳಿನ ಮೇಲೆ ಇಡಬೇಡಿ. ಮೊದಲು ಗಾಜಿನ ತಳಕ್ಕೆ ತೆಳು ಥರ್ಮೋಕೋಲ್ ಹಾಸಿ ಅದರ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ತುಂಬಿ.