ಹೆರಿಗೆ ಮಾಡಿಸುವವರ ವಿಮೆ: ಮೂರು ಬಗೆಯದನ್ನೂ ಬಳಸಿ ನೋಡಿದ ಮೇಲೆ

ಹೆರಿಗೆಯಲ್ಲಿ ನಮ್ಮಿಂದ ತಪ್ಪಾಯಿತು ಅಂತ ಯಾರಾದರೂ ದೂರು ಕೊಟ್ಟರೆ ವಕೀಲರ ಖರ್ಚು, ಪರಿಹಾರ ಭರಿಸುವ ವಿಮೆಯ ಮಾತಿದು. ನಾನು ಈಗ ಇಟ್ಟುಕೊಂಡಿರುವುದು ಮೂರು ಬಗೆಯಲ್ಲಿ ಎಲ್ಲಕ್ಕಿಂತ ದುಬಾರಿ ಪಾಲಿಸಿ. ಬಿಡುವ ಯೋಚನೆಯೂ ಇಲ್ಲ. ಹಾಗಂತ ಇದು ನನ್ನ ಜಾಣತನದಿಂದ ಬಂದ ಆಯ್ಕೆ ಅಂದುಕೊಳ್ಳಬೇಡಿ. 6 ವರ್ಷ ಆಸ್ಪತ್ರೆ ತನ್ನ ಸಿಬ್ಬಂದಿಗೆ ಮಾಡಿಸಿದ ವಿಮೆಯನ್ನೇ ನಂಬಿ ಕೂತಿದ್ದೆ, ಆಮೇಲೆ 4 ವರ್ಷ ಅಗ್ಗದ್ದೊಂದಕ್ಕೆ ಪ್ರೀಮಿಯಂ ಕಟ್ಟಿದೆ. ಕೊನೆಗೆ ಮನೆಗೆ ಬಂದ ಒಂದು ಪತ್ರ ಬುದ್ಧಿ ಕಲಿಸಿತು.

ನಾನು ಮಿಡ್‌ವೈಫ್. ವಾರದಲ್ಲಿ ಮೂರು ದಿನ ಲೇಬರ್ ವಾರ್ಡ್ ಡ್ಯೂಟಿ. ಉಳಿದ ದಿನ ಸ್ವಂತವಾಗಿ ಗರ್ಭಿಣಿಯರ ತಪಾಸಣೆ, ಬಾಣಂತಿಯರ ಮನೆ ಭೇಟಿ, ಅಪರೂಪಕ್ಕೆ ಮನೆಯಲ್ಲೇ ಹೆರಿಗೆ. ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟವರಿಗೇ ಈ ಬರಹ ಹೆಚ್ಚು ಉಪಯೋಗ.

ಆಸ್ಪತ್ರೆಯ ವಿಮೆಯ ವಿಷಯ ಬೇಗ ಮುಗಿಸುತ್ತೇನೆ. ಕೈಯಿಂದ ಕಾಸು ಬಿಚ್ಚಬೇಕಿಲ್ಲ, ಡ್ಯೂಟಿಯಲ್ಲಿದ್ದಾಗ ನಾವು ಮಾಡಿದ್ದಕ್ಕೆ ಸಾಮಾನ್ಯವಾಗಿ ಮಾಲೀಕರೇ ಹೊಣೆ. ಬರೀ ವಾರ್ಡ್ ಕೆಲಸ ಮಾಡುವವರಿಗೆ ಇದು ಬಹುಮಟ್ಟಿಗೆ ಸಾಕು. ಆದರೆ ಡ್ಯೂಟಿ ಮುಗಿಸಿ ಹೊರಗೆ ಬಂದ ಮೇಲೆ, ಪರಿಚಯದವರೊಬ್ಬರು ಫೋನ್ ಮಾಡಿ ‘ನೀರು ಹೋಗ್ತಿದೆ, ಏನು ಮಾಡ್ಲಿ’ ಅಂದಾಗ ನೀವು ಕೊಡುವ ಸಲಹೆ ಅದರೊಳಗೆ ಬರುವುದಿಲ್ಲ. ಇನ್ನೊಂದು, ಕೋರ್ಟಿನಲ್ಲಿ ನಿಲ್ಲುವ ವಕೀಲರು ಆಸ್ಪತ್ರೆಯವರು. ‘ಮಗುವಿನ ಎದೆಬಡಿತ ಇಳಿಯುತ್ತಿದೆ ಅಂತ ಎರಡು ಸಲ ಹೇಳಿದೆ, ಡಾಕ್ಟರ್ ಬರಲಿಲ್ಲ’ ಅಂತ ನೀವು, ‘ನಮಗೆ ಯಾರೂ ತಿಳಿಸಲೇ ಇಲ್ಲ’ ಅಂತ ಅವರು. ಆಗ ಆ ವಕೀಲರು ಯಾರ ಕಡೆ ಮಾತಾಡುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ. ನೋಂದಣಿ ಕೌನ್ಸಿಲ್ ಮುಂದೆ ವಿಚಾರಣೆ ಬಂದರಂತೂ ಸಾಮಾನ್ಯವಾಗಿ ನಿಮ್ಮ ಖರ್ಚು ನಿಮ್ಮದೇ.

ಸ್ವಂತಕ್ಕೆ ಕೊಳ್ಳುವ ಪಾಲಿಸಿಯಲ್ಲಿ ಎರಡು ಜಾತಿ: ಕ್ಲೇಮ್ಸ್-ಮೇಡ್ ಮತ್ತು ಅಕರೆನ್ಸ್. ಹೆಸರು ನೋಡಿ ಹೆದರಬೇಡಿ. ದೂರು ಬಂದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು ಅನ್ನುವುದು ಮೊದಲನೆಯದು. ಹೆರಿಗೆ ಆದ ದಿನ ಚಾಲ್ತಿಯಲ್ಲಿದ್ದರೆ ಸಾಕು, ದೂರು ಯಾವಾಗಲಾದರೂ ಬರಲಿ ಅನ್ನುವುದು ಎರಡನೆಯದು. ಮೊದಲನೆಯದು ಶುರುವಿನ ವರ್ಷ ತುಂಬ ಅಗ್ಗ, ಆಮೇಲೆ ವರ್ಷ ವರ್ಷ ಏರುತ್ತದೆ. ನಿಮ್ಮ ಹಿಂದೆ ಹಳೆಯ ಹೆರಿಗೆಗಳು ಸೇರಿಕೊಳ್ಳುತ್ತ ಹೋಗುತ್ತವಲ್ಲ, ಅದಕ್ಕೆ.

ಬೇರೆ ವಿಭಾಗದವರಿಗೆ ಈ ವ್ಯತ್ಯಾಸ ಅಷ್ಟು ಬಾಧಿಸದೇ ಇರಬಹುದು. ಮೂಳೆ ಸರಿಯಾಗಿ ಕೂಡಿಲ್ಲ ಅಂದರೆ ದೂರು ಬರುವುದಿದ್ದರೆ ಒಂದೆರಡು ವರ್ಷದಲ್ಲೇ ಬರುತ್ತದೆ. ನಮ್ಮದು ಹಾಗಲ್ಲ. ಹುಟ್ಟುವಾಗ ಆಮ್ಲಜನಕ ಸಾಲದೆ ಮಗುವಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆ ಕೆಡುವ ತೊಂದರೆ) ಆಗಿದ್ದರೆ, ಅದು ಗೊತ್ತಾಗುವುದು ಎಷ್ಟೋ ಸಲ ಮಗು ಕೂರುವ, ನಡೆಯುವ ವಯಸ್ಸು ದಾಟಿದಾಗ. ಜೊತೆಗೆ ಹಲವು ದೇಶಗಳ ಕಾನೂನಿನಲ್ಲಿ ಮಗುವಿನ ಪರವಾಗಿ ದಾವೆ ಹೂಡುವ ಗಡುವು ಮಗು ಪ್ರಾಯಕ್ಕೆ ಬರುವವರೆಗೆ ಶುರುವೇ ಆಗುವುದಿಲ್ಲ. ಅಂದರೆ ಇವತ್ತಿನ ಕೇಸ್ ಶೀಟ್‌ಗೆ 18 ವರ್ಷ ಕಳೆದ ಮೇಲೂ ನೀವು ಉತ್ತರ ಹೇಳಬೇಕಾಗಬಹುದು. ಅಷ್ಟರಲ್ಲಿ ನೀವು ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿರುತ್ತೀರಿ.

ನಾನು ಕಟ್ಟುತ್ತಿದ್ದದ್ದು ಕ್ಲೇಮ್ಸ್-ಮೇಡ್. ನಾಲ್ಕನೇ ವರ್ಷಕ್ಕೆ ಪ್ರೀಮಿಯಂ ಏರಿದ್ದು ನೋಡಿ ಬೇಸರವಾಯಿತು. ಏಜೆಂಟ್ ಒಬ್ಬರು ‘ಅಕ್ಕ, ಇದೇ ಕವರ್, ಅರ್ಧ ದುಡ್ಡಿಗೆ ಕೊಡಿಸ್ತೀನಿ’ ಅಂದರು. ಹಳೆಯದು ಮುಗಿದ ದಿನವೇ ಹೊಸದು ಶುರು, ನಡುವೆ ಒಂದು ದಿನವೂ ಖಾಲಿ ಬಿಡಲಿಲ್ಲ. ಎಲ್ಲ ಸರಿಯಾಗಿದೆ ಅಂತ ನೆಮ್ಮದಿಯಾಗಿ ಮಲಗಿದೆ.

ಹೊಸ ಪಾಲಿಸಿ ಶುರುವಾದ 19ನೇ ದಿನ ವಕೀಲರೊಬ್ಬರ ಪತ್ರ ಬಂತು. ಎರಡು ವರ್ಷದ ಹಿಂದೆ ನಾನು ಮನೆಯಲ್ಲಿ ಮಾಡಿಸಿದ ಒಂದು ಹೆರಿಗೆಯ ದಾಖಲೆ ಬೇಕಂತೆ. ನನಗೆ ಚೆನ್ನಾಗಿ ನೆನಪಿತ್ತು. ತಲೆ ಬಂದ ಮೇಲೆ ಭುಜ ಸಿಕ್ಕಿಹಾಕಿಕೊಂಡಿತ್ತು. ತಾಯಿಯ ಎರಡೂ ತೊಡೆ ಹೊಟ್ಟೆಗೆ ಒತ್ತಿಹಿಡಿದು, ಹೊಟ್ಟೆಯ ಕೆಳಭಾಗದಲ್ಲಿ ಒತ್ತಡ ಕೊಟ್ಟು ಬಿಡಿಸಿದ್ದೆ. ಮಗುವಿನ ಒಂದು ತೋಳು ಸೋತಿತ್ತು. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಎಲ್ಲರಿಗೂ ಅಲ್ಲ. ಈ ಮಗುವಿಗೆ ಪೂರ್ತಿ ಸರಿಹೋಗಿರಲಿಲ್ಲ.

ಹೊಸ ಕಂಪನಿಗೆ ಫೋನ್ ಮಾಡಿದೆ. ‘ನಿಮ್ಮ ರೆಟ್ರೋಆಕ್ಟಿವ್ ಡೇಟ್ ನೋಡಿ ಮೇಡಂ’ ಅಂದರು. ಪಾಲಿಸಿಯ ಮೊದಲ ಪುಟದಲ್ಲೇ, ನನ್ನ ಹೆಸರಿನಿಂದ ನಾಲ್ಕು ಸಾಲು ಕೆಳಗೆ ಇತ್ತು. ಆ ದಿನಾಂಕಕ್ಕಿಂತ ಮುಂಚೆ ಮಾಡಿದ ಕೆಲಸಕ್ಕೆ ಅವರು ಜವಾಬ್ದಾರರಲ್ಲ. ನನ್ನದರಲ್ಲಿ ಅದು ಪಾಲಿಸಿ ಶುರುವಾದ ದಿನವೇ. ಅರ್ಧ ದುಡ್ಡಿನ ಗುಟ್ಟು ಅದು. ನಾಲ್ಕು ವರ್ಷದ ಹೆರಿಗೆಗಳನ್ನೆಲ್ಲ ಹೊರಗಿಟ್ಟು ಅಗ್ಗ ಮಾಡಿದ್ದರು. ಪಾಲಿಸಿ ಬದಲಾಯಿಸುವಾಗ ಹಳೆಯ ದಿನಾಂಕವನ್ನೇ ಹೊಸದರಲ್ಲೂ ಬರೆಸಿಕೊಳ್ಳಬೇಕಿತ್ತು. ಆಗ ಕೇಳಿದ್ದರೆ ಕೊಡುತ್ತಿದ್ದರೋ ಏನೋ, ಪತ್ರ ಬಂದ ಮೇಲೆ ಯಾರು ಕೊಡುತ್ತಾರೆ?

ಹಳೆಯ ಕಂಪನಿಯವರು ‘ನಿಮ್ಮ ಪಾಲಿಸಿ ಮುಗಿದಿದೆಯಲ್ಲ’ ಅಂದರು. ಆ ಎರಡು ಫೋನುಗಳ ನಡುವಿನ ಮಧ್ಯಾಹ್ನ ಯಾರಿಗೂ ಬೇಡ. ಸಂಜೆ ಹಳೆಯ ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದೆ. ಮುಗಿದ 30 ದಿನದೊಳಗೆ ದೂರು ತಿಳಿಸಿದರೆ ಒಪ್ಪುತ್ತೇವೆ ಅನ್ನುವ ಸಾಲೊಂದು ಸಿಕ್ಕಿತು. ಅಷ್ಟೇ ದಿನದೊಳಗೆ ಟೇಲ್ ಕವರ್ ಕೊಳ್ಳಬಹುದು ಅಂತಲೂ ಇತ್ತು. ನನಗೆ ಉಳಿದಿದ್ದದ್ದು 11 ದಿನ. ಮಾರನೇ ದಿನ ಬೆಳಿಗ್ಗೆಯೇ ಬರಹದಲ್ಲಿ ತಿಳಿಸಿದೆ. ಟೇಲ್ ಅಂದರೆ ನಿಂತುಹೋದ ಪಾಲಿಸಿಗೆ ಮುಂದೆ ಬರುವ ದೂರುಗಳನ್ನೂ ಸೇರಿಸಿಕೊಳ್ಳುವ ಬಾಲ. ಒಂದೇ ಸಲ ಕಟ್ಟಬೇಕು, ನನಗೆ ಹೇಳಿದ ಬೆಲೆ ಕೊನೆಯ ವರ್ಷದ ಪ್ರೀಮಿಯಂನ ಎರಡು ಪಟ್ಟು. ಮೂರು ವರ್ಷದ ಬಾಲವೂ ಇತ್ತು, ಕಡಿಮೆಗೆ. ಮಕ್ಕಳ ಗಡುವು ನೆನೆದು ಅವಧಿಯ ಮಿತಿಯೇ ಇಲ್ಲದ್ದನ್ನು ತೆಗೆದುಕೊಂಡೆ. ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು.

ಇನ್ನೊಂದು ತಪ್ಪು ನನ್ನದೇ. ಆ ತಾಯಿ ಮುಂಚೆಯೇ ನನ್ನ ಹತ್ತಿರ ಬಂದು ಸಿಟ್ಟಿನಿಂದ ಮಾತಾಡಿ ಹೋಗಿದ್ದರು. ಇಂಥದ್ದಾಗಿದೆ, ಮುಂದೆ ದೂರು ಬರಬಹುದು ಅಂತ ಆಗಲೇ ಕಂಪನಿಗೆ ಒಂದು ಪತ್ರ ಹಾಕಿದ್ದರೆ, ಎಷ್ಟೋ ಪಾಲಿಸಿಗಳಲ್ಲಿ ಅದು ಆ ವರ್ಷದ ಲೆಕ್ಕಕ್ಕೇ ಸೇರಿಬಿಡುತ್ತದೆ. ಪ್ರೀಮಿಯಂ ಏರಿಸಿಯಾರು ಅಂತ ಸುಮ್ಮನಿದ್ದೆ.

ಹೊಸ ಅಗ್ಗದ್ದನ್ನು ರದ್ದು ಮಾಡಿ ಅಕರೆನ್ಸ್ ತೆಗೆದುಕೊಂಡು ಈಗ ಮೂರು ವರ್ಷ. ಅದೇನೂ ದೋಷವಿಲ್ಲದ್ದಲ್ಲ. ಮೊದಲ ವರ್ಷದಿಂದಲೇ ಪೂರ್ತಿ ಪ್ರೀಮಿಯಂ. ಇವತ್ತಿನ ಪರಿಹಾರದ ಮಿತಿ 18 ವರ್ಷದ ನಂತರದ ಬೆಲೆಗಳಿಗೆ ಸಾಲದೇ ಹೋಗಬಹುದು. ಕಂಪನಿಯೂ ಅಲ್ಲಿಯವರೆಗೆ ಬದುಕಿರಬೇಕು, ಪ್ರತಿ ವರ್ಷದ ಪಾಲಿಸಿ ಪತ್ರವೂ ನಿಮ್ಮ ಹತ್ತಿರ ಇರಬೇಕು. ಎಲ್ಲ ಕಡೆ ಮಿಡ್‌ವೈಫ್‌ಗಳಿಗೆ ಇದು ಸಿಗುವುದೂ ಇಲ್ಲ.

ಎರಡರಲ್ಲೂ ನೋಡಬೇಕಾದ ಚಿಲ್ಲರೆ ಸಂಗತಿಗಳಿವೆ. ವಕೀಲರ ಖರ್ಚು ಪರಿಹಾರದ ಮಿತಿಯೊಳಗೇ ಕಳೆಯುತ್ತಾರೋ, ಹೊರಗೋ? ನನ್ನ ಹಳೆಯದರಲ್ಲಿ ಒಳಗೆ, ಈಗಿನದರಲ್ಲಿ ಹೊರಗೆ. ರಾಜಿ ಮಾಡುವ ಮುಂಚೆ ನಿಮ್ಮ ಒಪ್ಪಿಗೆ ಕೇಳುತ್ತಾರೋ? ಮನೆ ಹೆರಿಗೆ, ಅವಳಿ, ಬುಡ ಮುಂದಾದ ಮಗು, ಸಿಸೇರಿಯನ್ ಆದವರ ಸಹಜ ಹೆರಿಗೆ, ಇವುಗಳಲ್ಲಿ ಯಾವುದನ್ನು ಹೊರಗಿಟ್ಟಿದ್ದಾರೆ? ಡೂಲಾ (ಹೆರಿಗೆಯಲ್ಲಿ ಜೊತೆಗಿದ್ದು ಧೈರ್ಯ ತುಂಬುವವರು), ಎದೆಹಾಲಿನ ಸಲಹೆಗಾರರ ಪಾಲಿಸಿಯೇ ಬೇರೆ, ಅದನ್ನು ಕಟ್ಟಿಕೊಂಡು ಹೆರಿಗೆ ಮಾಡಿಸಬೇಡಿ.

ಒಂದೇ ಕಂಪನಿಯಲ್ಲಿ ಕೊನೆಯವರೆಗೂ ಇರುವವರು, ಬಾಲದ ದುಡ್ಡನ್ನು ಈಗಿನಿಂದಲೇ ಪಕ್ಕಕ್ಕೆ ಎತ್ತಿಡುವ ಶಿಸ್ತಿರುವವರು ಕ್ಲೇಮ್ಸ್-ಮೇಡ್ ಕೊಂಡರೆ ನಷ್ಟವಿಲ್ಲ. ನಾನು ಆ ಪೈಕಿ ಅಲ್ಲ. ಕೆಲಸ ಬದಲಾಯಿಸುತ್ತಿರುತ್ತೇನೆ, ದುಡ್ಡು ಕೈಯಲ್ಲಿ ನಿಲ್ಲುವುದಿಲ್ಲ, ಸಂಪಾದನೆ ನಿಂತ ವರ್ಷವೇ ದೊಡ್ಡ ಬಿಲ್ಲು ಕಟ್ಟುವ ತಾಕತ್ತಿಲ್ಲ. ಕಾಗದ ಜೋಪಾನವಾಗಿಡುವ ಅಭ್ಯಾಸ ಮಾತ್ರ ಮೊದಲಿನಿಂದಲೂ ಇದೆ.

ದಾಖಲೆ ಕೇಳಿದ ವಕೀಲರಿಂದ ಇದುವರೆಗೆ ಮತ್ತೇನೂ ಬಂದಿಲ್ಲ. ಮಗುವಿಗೆ ಈಗ 5 ವರ್ಷ.